ಎರಡು ಸಂಜೆಯ ಲಾವೋಸ್

ಅಮೆರಿಕದ ದೊಡ್ಡ ಹೋಟೆಲುಗಳಿಗೆ ಪರಂಪರೆಯ ಮೇಲೆ ಬಲು ಪ್ರೀತಿ. ಶನಿವಾರ ಸಂಜೆ ಹುಟ್ಟುವ ಆ ಪ್ರೀತಿ ಭಾನುವಾರ ರಾತ್ರಿ ಹತ್ತಕ್ಕೆ ತೀರಿಕೊಳ್ಳುತ್ತದೆ. ಈ ಸಲದ ಆಹಾರೋತ್ಸವದ ಸರದಿ ಆಗ್ನೇಯ ಏಷ್ಯಾದ ಲಾವೋಸಿನದು. ಬಾಗಿಲಿಗೆ ದೇವಕಣಗಿಲೆ ಹೂವಿನ ಮಾಲೆ, ಮೂಲೆಯಲ್ಲಿ ಖೇನ್ ಎಂಬ ಬಿದಿರು ವಾದ್ಯದ ನಾದ, ಅಡುಗೆಮನೆಯಲ್ಲಿ ಅತಿಥಿ ಬಾಣಸಿಗ. ಪಾನೀಯಕ್ಕೆ ಬೇರೆ ದುಡ್ಡು.

ಬಾಣಸಿಗನಿಗೆ ಸಂಪೂರ್ಣ ಸ್ವಾತಂತ್ರ್ಯವಿದೆ, ಪಾಡೇಕ್ ಒಂದನ್ನು ಬಿಟ್ಟು. ಉಪ್ಪು ಮತ್ತು ಅಕ್ಕಿ ತೌಡು ಬೆರೆಸಿ ತಿಂಗಳುಗಟ್ಟಲೆ ಜಾಡಿಯಲ್ಲಿ ಹುದುಗಿಸಿದ ಈ ಹೊಳೆಮೀನಿನ ರಸವಿಲ್ಲದೆ ಲಾವೋಸಿನ ಪಪ್ಪಾಯಿ ಕೋಸಂಬರಿ ಇಲ್ಲ, ಬಿದಿರುಕಳಲೆಯ ಸಾರಿಲ್ಲ. ಸಮುದ್ರವೇ ಇಲ್ಲದ ದೇಶ ತನ್ನ ರುಚಿಯನ್ನೆಲ್ಲ ಮೆಕಾಂಗ್ ನದಿಯಿಂದ ಹೀಗೆ ಹೆಕ್ಕಿಕೊಂಡಿದೆ. ಆದರೆ ಅದರ ವಾಸನೆ ಮೊಗಸಾಲೆಯವರೆಗೂ ಬರುತ್ತದೆಯಲ್ಲ! ಆದ್ದರಿಂದ ಪರಂಪರೆಯನ್ನು ವಾಸನೆ ತೆಗೆದು ಬಡಿಸತಕ್ಕದ್ದು ಎಂದು ಆಡಳಿತದ ಅಪ್ಪಣೆ. ಅದೇ ಮೇಜಿನ ಮೇಲೆ ನೀಲಿ ಬೂಷ್ಟು ಹಿಡಿದ ಫ್ರೆಂಚ್ ಚೀಸಿಗೆ ಬೆಳ್ಳಿಯ ತಟ್ಟೆ. ಹುಳಿತು ನಾರುವುದಕ್ಕೂ ಸರಿಯಾದ ಪಾಸ್‌ಪೋರ್ಟ್ ಬೇಕು.

ಇನ್ನು ಜಿಗುಟು ಅಕ್ಕಿಯ ಅನ್ನ, ಖಾವ್ ನಿಯಾವ್. ರಾತ್ರಿಯಿಡೀ ನೆನೆಸಿ, ಬಿದಿರಿನ ಶಂಕುವಿನಾಕಾರದ ಬುಟ್ಟಿಯಲ್ಲಿ ಹಬೆಗೆ ಬೇಯಿಸಿ, ಬೆರಳಿನಲ್ಲಿ ಉಂಡೆ ಕಟ್ಟಿ, ಚಟ್ನಿಗೆ ಅದ್ದಿ ಬಾಯಿಗಿಡುವುದು ಅಲ್ಲಿನ ಕ್ರಮ. ಹೋಟೆಲಿನವರು ಪ್ರತಿ ತಟ್ಟೆಯ ಪಕ್ಕದಲ್ಲೂ ಚೀನೀ ಕಡ್ಡಿಗಳನ್ನು ಜೋಡಿಸಿಟ್ಟಿದ್ದಾರೆ. ಲಾವೋ ಜನ ನೂಡಲ್ಸಿಗೆ ಮಾತ್ರ ಕಡ್ಡಿ ಹಿಡಿಯುವವರು. ಅನ್ನವನ್ನು ಕಡ್ಡಿಯಲ್ಲಿ ತಿನ್ನಿರೆಂದರೆ ನಮ್ಮವರಿಗೆ ಮುದ್ದೆಯ ಪಕ್ಕದಲ್ಲಿ ಚಾಕು ಕೊಟ್ಟಂತೆ. ಅನ್ನ ತುಂಬಿಡಬೇಕಾದ ತಿಪ್ ಖಾವ್ ಬುಟ್ಟಿಯೊಳಗೆ ಮೇಣದಬತ್ತಿ ಉರಿಯುತ್ತಿದೆ. ಲುವಾಂಗ್ ಪ್ರಬಾಂಗಿನ ಪ್ರಸಿದ್ಧ ಓರ್ ಲಾಮ್ ಸಾರಿನಲ್ಲಿ ಸಖಾನ್ ಎಂಬ ಖಾರದ ಬಳ್ಳಿಯ ಕಟ್ಟಿಗೆ ತುಂಡುಗಳಿರುತ್ತವೆ. ಅಗಿದು ರಸ ಹೀರಿ ಉಗುಳಬೇಕು. ಬಿಳಿಯ ಮೇಜುಬಟ್ಟೆಯ ಮುಂದೆ ಎಲ್ಲಿ ಉಗುಳುವುದು? ಕಟ್ಟಿಗೆಯನ್ನೇ ಕೈಬಿಡಲಾಯಿತು. ಸಾರು ಉಳಿಯಿತು, ಹೆಸರೂ ಉಳಿಯಿತು.

ಅತಿಥಿಗಳಿಗೆ ಗಾಬರಿಯಾಗದಿರಲೆಂದು ಎಲ್ಲ ಖಾದ್ಯಗಳ ಹೆಸರಿನ ಕೆಳಗೂ 'ಥಾಯ್ ಅಡುಗೆಯಂತೆಯೇ' ಎಂಬ ಅಭಯವಿದೆ. ಇದು ಹೊಸದೇನಲ್ಲ. 1975ರ ನಂತರ ನಿರಾಶ್ರಿತರಾಗಿ ಬಂದ ಎಷ್ಟೋ ಲಾವೋ ಕುಟುಂಬಗಳು ಹೊಟ್ಟೆಪಾಡಿಗೆ ಹೋಟೆಲು ತೆರೆದಾಗ ಹೊರಗೆ 'ಥಾಯ್' ಎಂಬ ಫಲಕವನ್ನೇ ತೂಗುಹಾಕಿದವು. ಲಾವೋಸ್ ಎಲ್ಲಿದೆಯೆಂದು ಗಿರಾಕಿಗಳಿಗೆ ತಿಳಿದಿರಲಿಲ್ಲ.

ಗಿರಾಕಿಗಳಿಗೆ ತಿಳಿದಿರಲಿಲ್ಲ, ಸರಿ. ಅವರ ವಾಯುಪಡೆಗೆ ಮಾತ್ರ ಚೆನ್ನಾಗಿ ತಿಳಿದಿತ್ತು. 1964ರಿಂದ 1973ರವರೆಗೆ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಲೆಕ್ಕ ಹಾಕಿದರೆ ಒಂಬತ್ತು ವರ್ಷ, ಹಗಲಿರುಳು, ಎಂಟು ನಿಮಿಷಕ್ಕೊಂದು ವಿಮಾನದ ಹೊರೆ. ಅಷ್ಟು ಚುರುಕಿನ ಸೇವೆ ಈ ಹೋಟೆಲಿನಲ್ಲೂ ಇಲ್ಲ. ಇಲ್ಲಿ ಒಂದು ಖಾದ್ಯ ಮೇಜಿಗೆ ಬರಲು ಅರ್ಧ ಗಂಟೆ ಬೇಕು. ಸುರಿದ 27 ಕೋಟಿ ಕಿರುಬಾಂಬುಗಳಲ್ಲಿ ಸುಮಾರು 8 ಕೋಟಿ ಸಿಡಿಯದೆ ಗದ್ದೆಗಳಲ್ಲೇ ಉಳಿದವು. ಈ ಅಕ್ಕಿ ಬೆಳೆಯುವವನು ಇಂದಿಗೂ ಹೆದರಿಕೊಂಡೇ ನೆಲ ಅಗೆಯುತ್ತಾನೆ. ಹೋಟೆಲಿನ ಹೊಳೆಯುವ ಪತ್ರಿಕೆಯಲ್ಲಿ ಈ ಅಧ್ಯಾಯಕ್ಕೆ 'ಏಳುಬೀಳು ಕಂಡ ಇತಿಹಾಸ' ಎಂಬ ಮೂರು ಪದಗಳ ಜಾಗ ಸಿಕ್ಕಿದೆ. ಬೀಳಿಸಿದವರು ಯಾರೆಂದು ಊಟದ ಹೊತ್ತಿನಲ್ಲಿ ಕೇಳುವುದು ಶಿಷ್ಟಾಚಾರವಲ್ಲ.

ಹಾಗೆಂದು ಬಾಂಬಿಗೆ ಪ್ರವೇಶವೇ ಇಲ್ಲವೆನ್ನಲಾಗದು. ಸಿಯೆಂಗ್ ಖುವಾಂಗ್ ಪ್ರಾಂತದ ನಾಪಿಯಾ ಹಳ್ಳಿಯಲ್ಲಿ ಯುದ್ಧದ ಅಲ್ಯೂಮಿನಿಯಂ ಗುಜರಿಯನ್ನು ಕರಗಿಸಿ ಚಮಚ ಎರಕ ಹೊಯ್ಯುತ್ತಾರೆ. ಅಂಥ ಚಮಚಗಳನ್ನು ಹೊರಬಾಗಿಲ ಬಳಿ ಸ್ಮರಣಿಕೆಯೆಂದು ಮಾರಾಟಕ್ಕಿಟ್ಟಿದ್ದಾರೆ. ತೆರಿಗೆ ಕಟ್ಟಿ ಕಳುಹಿಸಿದ್ದನ್ನು ಜನ ಈಗ ಕಾಸು ಕೊಟ್ಟು ಮರಳಿ ಕೊಳ್ಳುತ್ತಿದ್ದಾರೆ. ಮುತ್ತಿನ ಹಾರದ ಹಿರಿಯ ಮಹಿಳೆಯೊಬ್ಬರು ಅರ್ಧ ಡಜನ್ ಆರಿಸಿಕೊಂಡು, ಮಾರುವ ಹುಡುಗಿಯನ್ನು ಕೇಳಿದರು: "ಇದನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಬಹುದೇ? ಏನೂ ಅಪಾಯವಿಲ್ಲ ತಾನೇ?"