ಶೇ 13ರ ಮೇಸ್ತ್ರಿ

ಕೋರ್ಟಿನಿಂದ ಈಗಷ್ಟೇ ಬಂದೆ. ತಲೆ ಇನ್ನೂ ಧುಮುಗುಡ್ತಾ ಇದೆ. ನನ್ನ ಬಾಮೈದನಿಗೆ ಕಾರು ಗುದ್ದಿದ್ದು ನಿಮಗೆಲ್ಲ ಗೊತ್ತಿರೋದೇ. ಇವತ್ತು ಪರಿಹಾರದ ಕೇಸಿನಲ್ಲಿ ಅವನ ಪಾಟೀ ಸವಾಲು ಇತ್ತು.

ಇನ್ಶೂರೆನ್ಸ್ ಕಂಪನಿ ವಕೀಲರು ಕೇಳಿದರು: "ನೀವು ನಡೆದುಕೊಂಡೇ ಬಂದಿದ್ದೀರಿ, ಅಲ್ವಾ?" ಹೌದು ಸ್ವಾಮಿ, ಹಾರಿಕೊಂಡು ಬರಬೇಕಿತ್ತಾ? ಆಮೇಲೆ, "ಪರಿಹಾರದ ಆಸೆಗೆ ಕುಂಟುತ್ತಿದ್ದೀರಿ ಎಂದರೆ ಸರಿಯೇ?"

"ಸರಿಯಲ್ಲ" ಅಂದ. ಕಟಕಟೆಯ ಮರ ಬಿಗಿಯಾಗಿ ಹಿಡಿದಿದ್ದ. ಮೊಣಕಾಲು ಪೂರ್ತಿ ಮಡಚೋದಿಲ್ಲ, ಎಡಗಾಲಿನ ಚಪ್ಪಲಿ ಒಂದೇ ಪಕ್ಕ ಸವೆದಿದೆ.

ಅವನು ಗಾರೆ ಮೇಸ್ತ್ರಿ. ಸಾರುವೆ ಹತ್ತಬೇಕು, ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಬೇಕು. ಎರಡೂ ಈಗ ಆಗಲ್ಲ. ಡಾಕ್ಟರ್ ಕಾಲಿಗೆ ಶೇ 40 ಊನ ಅಂತ ಬರೆದುಕೊಟ್ಟಿದ್ದಾರೆ. ಆದರೆ ಅಪಘಾತದ ಪರಿಹಾರ ತೀರ್ಮಾನಿಸೋ ನಮ್ಮ ಕಡೆಯ ಟ್ರಿಬ್ಯೂನಲ್‌ಗಳಲ್ಲಿ ಒಂದು ರೂಢಿ ಇದೆ. ಒಂದು ಕಾಲಿನ ಊನವನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಇಷ್ಟು ಅಂತ ಹಿಡೀತಾರೆ. ಅಲ್ಲಿಗೆ ಶೇ 13. ಅಂದ್ರೆ ನಮ್ಮ ಮೇಸ್ತ್ರಿ ಇನ್ನೂ ಶೇ 87 ದುಡೀಬಲ್ಲ! ಯಾವ ಕಂಟ್ರಾಕ್ಟರು ಕರೀತಾನೆ, ವಕೀಲರೇ ಹೇಳಲಿ.

ದುಡ್ಡಲ್ಲಿ ನೋಡಿ. ತಿಂಗಳಿಗೆ 15,000 ಹಿಡಿಯಿರಿ. ವಯಸ್ಸು 38. ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಕೇಸಿನಲ್ಲಿ ಕೊಟ್ಟ ಪಟ್ಟಿಯಂತೆ ಆ ವಯಸ್ಸಿಗೆ ವರ್ಷದ ವರಮಾನವನ್ನು 15ರಿಂದ ಗುಣಿಸಬೇಕು. ಒಟ್ಟು 27 ಲಕ್ಷ. ಶೇ 13 ಅಂದ್ರೆ ವರಮಾನ ನಷ್ಟದ ಬಾಬ್ತು ಮೂರೂವರೆ ಲಕ್ಷ, ಮುಗೀತು.

ಕಾನೂನು ಹೀಗೇ ಇದೆಯಾ? ಇಲ್ಲ. ಅದೇ ನನ್ನ ಹೊಟ್ಟೆಯುರಿ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ. ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ. ಎಡಗೈ ಹೋದ ಬಡಗಿಗೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿಯೇ ಹೋದಂತೆ. ಅದೇ ಕೈ ಹೋದ ಸರ್ಕಾರಿ ಗುಮಾಸ್ತನಿಗೆ ನೌಕರಿ ಉಳಿಯಬಹುದು. ಕಸುಬು ಏನು ಅಂತ ನೋಡಿ, ಆಮೇಲೆ ಲೆಕ್ಕ ಹಾಕಿ ಅಂತ. ಆದರೂ ಮೂರರಿಂದ ಭಾಗಿಸೋ ಚಟ ಬಿಟ್ಟಿಲ್ಲ.

"ಸುಳ್ಳು ಕೇಸುಗಳೂ ಜಾಸ್ತಿ ಕಣ್ರೀ" ಅಂತ ಕಾಮೆಂಟ್ ಹಾಕೋಕೆ ಹೊರಟವರೇ, ಗೊತ್ತು. ಇವೆ. ಹಿಡಿದು ಹಾಕಿ. ಅದಕ್ಕೂ ಇವನ ಎಕ್ಸ್‌ರೇಯಲ್ಲಿ ಕಾಣೋ ಪ್ಲೇಟಿಗೂ ಏನು ಸಂಬಂಧ?

ಇವನ ಅರ್ಜಿಯಾದರೂ ಹೊತ್ತಿಗೆ ಸರಿಯಾಗಿ ಬಿತ್ತು. ಪರಿಹಾರದ ಅರ್ಜಿಗೆ ಅಪಘಾತವಾದ ದಿನದಿಂದ ಆರೇ ತಿಂಗಳು ಅಂತ 2022ರ ಏಪ್ರಿಲ್‌ನಿಂದ ಗಡುವು ತಂದಿದ್ದಾರೆ. ಪ್ಲಾಸ್ಟರ್ ಬಿಚ್ಚಿ ಕೋಲು ಹಿಡಿಯೋ ಹೊತ್ತಿಗೆ ಅರ್ಧ ಗಡುವು ಮುಗಿದಿರುತ್ತೆ. ಅದರ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋಗಿದ್ದಾರೆ, ಆ ಕತೆ ಇನ್ನೊಂದು ದಿನ.

ನಿಜ ಹೇಳ್ತೀನಿ, ಆ "ಕುಂಟುತ್ತಿದ್ದೀರಿ" ಮಾತಿಗೆ ಎದ್ದು ನಿಂತು ಕೂಗಬೇಕು ಅನ್ನಿಸ್ತು. ಹೆಂಡತಿ ಅಂಗಿ ಹಿಡಿದು ಕೂರಿಸಿದಳು.

ಮುಂದಿನ ದಿನಾಂಕಕ್ಕೆ ಡಾಕ್ಟರ ಸಾಕ್ಷಿ. ಶೇಕಡಾ ಎಷ್ಟು ಅಂತ ಕೇಳಿ ಬಿಟ್ಟುಬಿಡಬೇಡಿ, ಈ ಕಾಲಿನಲ್ಲಿ ಗಾರೆ ಕೆಲಸ ಸಾಧ್ಯವೇ ಅಂತ ಕೇಳಿ ಅಂತ ನಮ್ಮ ವಕೀಲರಿಗೆ ಹೇಳಿದ್ದೇನೆ. "ನೋಡೋಣ" ಅಂದಿದ್ದಾರೆ. ಇಂಥ ಕೇಸು ನಡೆಸಿದವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ.