ಮೀನಿನ ಗಾಡಿಗೆ ಎಷ್ಟು ಲೈಸೆನ್ಸು?

ಊರೂರು ಸುತ್ತಿ ಮಾರುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಬೇಕೇ ಎಂಬ ಚರ್ಚೆ ಓದಿದೆ. ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಘಾಟಿ ಹತ್ತಿ ಬರುವ ಮೀನಿನ ಗಾಡಿಯ ಹಾರನ್ ಕೇಳಿದರೆ ನಮಗಿಂತ ಮೊದಲು ಬೆಕ್ಕು ದಣಪೆ ಹತ್ತಿರ ಇರುತ್ತದೆ. ಮಳೆಗಾಲದಲ್ಲಿ ಅವರು ಬಾರದಿದ್ದರೆ ಕಷ್ಟ ನಮಗೇ ಜಾಸ್ತಿ.

ಹಾಗಂತ ನಿಯಮವೇ ಬೇಡ ಅನ್ನುವುದಿಲ್ಲ. ಕುಕ್ಕರ್ ರಿಪೇರಿಗೆ ಅಂತ ಮುಂಗಡ ತಗೊಂಡು ಹೋದವನೊಬ್ಬ ಇನ್ನೂ ಬಂದಿಲ್ಲ, ಕುಕ್ಕರೂ ಬಂದಿಲ್ಲ! 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಸುತ್ತಾಡಿ ಮಾರುವವರಿಗೂ ಪ್ರಮಾಣಪತ್ರ, ಗುರುತಿನ ಚೀಟಿ ಇದೆ. ಆ ಕಾಯ್ದೆಯಂತೆ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ಆದರೆ ಅದು ಪೇಟೆಗಳಿಗೆ ಮಾಡಿದ ಕಾಯ್ದೆ. ಹಳ್ಳಿಗಳಲ್ಲಿ ಒಂದೊಂದು ಪಂಚಾಯಿತಿಯೂ ಬೇರೆ ಬೇರೆ ಫೀಸು ಕೇಳಿದರೆ, ದಿನಕ್ಕೆ ನಾಲ್ಕು ಪಂಚಾಯಿತಿ ದಾಟುವ ಮೀನಿನವನು ಬಂಗುಡೆಗೆ ಎಷ್ಟು ರೇಟು ಹೇಳಬೇಕು? ಇಡೀ ತಾಲ್ಲೂಕಿಗೆ ಒಂದೇ ಚೀಟಿ ಸಾಕಲ್ವಾ?