ಪೆನ್ಸಿಲ್ ಹಿಡಿದು ಗೊತ್ತಿಲ್ಲದ ಕೈಗೆ ಎಷ್ಟು ಅಂಕ?

ಆರು ವರ್ಷದ ಹುಡುಗನೊಬ್ಬ ನನ್ನೆದುರು ಕೂತು ಮನುಷ್ಯನ ಚಿತ್ರ ಬಿಡಿಸಿದ. ಒಂದು ಸೊನ್ನೆ, ಅದರಿಂದಲೇ ಇಳಿದ ಎರಡು ಕಾಲು. ಕುತ್ತಿಗೆ ಇಲ್ಲ, ಕೈ ಇಲ್ಲ. ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ. ಒತ್ತಿದ ರಭಸಕ್ಕೆ ಹಾಳೆ ಎರಡು ಕಡೆ ಹರಿದಿತ್ತು. ಪಕ್ಕದಲ್ಲಿದ್ದವರು "ಬುದ್ಧಿ ಸ್ವಲ್ಪ ಕಡಿಮೆ ಅಲ್ವಾ?" ಅಂದುಬಿಟ್ಟರು. ಅವನ ಮನೆಯಲ್ಲಿ ಪೆನ್ಸಿಲ್ಲೇ ಇರಲಿಲ್ಲ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಇಂಥ ಚಿತ್ರದಿಂದ ಬುದ್ಧಿ ಅಳೆಯುವ ಪರೀಕ್ಷೆಯನ್ನು 1926ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡಿನಫ್ ತಂದರು. ಚಿತ್ರ ಚೆಂದ ಇದೆಯಾ ಅಂತ ನೋಡುವುದಿಲ್ಲ. ಕಣ್ಣಿದೆಯಾ, ಕುತ್ತಿಗೆ ಇದೆಯಾ, ಬೆರಳು ಐದೇ ಇವೆಯಾ, ಹೀಗೆ 51 ಅಂಶ ಎಣಿಸುತ್ತಾರೆ. ಮಾತು ಬೇಡ, ಓದು ಬೇಡ. ಅದಕ್ಕೇ ಯಾವ ದೇಶದ ಮಗುವಿಗೂ ಇದು ಸಲ್ಲುತ್ತದೆ ಅಂತ ಬಹಳ ಜನ ನಂಬಿದರು. ಆದರೆ ಸಂಸ್ಕೃತಿಯ ಸೋಂಕಿಲ್ಲದ ಪರೀಕ್ಷೆ ಹುಡುಕುವುದೇ ಭ್ರಮೆ ಅಂತ 1950ರಲ್ಲಿ ಸ್ವತಃ ಗುಡಿನಫ್, ಡೇಲ್ ಹ್ಯಾರಿಸ್ ಜೊತೆ ಸೇರಿ ಬರೆದರು. ತಾನೇ ಕಟ್ಟಿದ್ದರ ಬಗ್ಗೆ ಹಾಗೆ ಬರೆಯೋಕೆ ದೊಡ್ಡ ಮನಸ್ಸು ಬೇಕು.

ವೇನ್ ಡೆನಿಸ್ ಎಂಬುವರು ಅಮೆರಿಕದ ಮೂಲನಿವಾಸಿ ಹೋಪಿ ಮಕ್ಕಳಿಂದ ಚಿತ್ರ ಬರೆಸಿದಾಗ ಹುಡುಗರು ಹುಡುಗಿಯರಿಗಿಂತ ತುಂಬ ಮುಂದಿದ್ದರು. ಅಲ್ಲಿ ಚಿತ್ರ ಬರೆಯುವುದು ಗಂಡಸರ ಕೆಲಸ, ಅಷ್ಟೇ. ಮುಂದೆ 1966ರಲ್ಲಿ ಅವರು ಬೇರೆ ಬೇರೆ ಸಮುದಾಯಗಳ ಲೆಕ್ಕ ಒಟ್ಟಿಗೆ ಇಟ್ಟರು. ಈ ಪರೀಕ್ಷೆಯ ಪ್ರಕಾರ ಮಕ್ಕಳ ಸರಾಸರಿ ಬುದ್ಧಿಯ ಅಂಕ (ಐಕ್ಯೂ) ಒಂದು ಕಡೆ 124, ಇನ್ನೊಂದು ಕಡೆ 52! ಒಂದಿಡೀ ಊರಿನ ಮಕ್ಕಳೆಲ್ಲ ದಡ್ಡರಾಗಿರಲು ಸಾಧ್ಯವಾ?

ನನಗೆ ತುಂಬ ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ರಾಬರ್ಟ್ ಸರ್ಪೆಲ್ ಅವರ ಕೆಲಸ. ಜಾಂಬಿಯಾದ ಮಕ್ಕಳು, ಇಂಗ್ಲೆಂಡಿನ ಮಕ್ಕಳು, ಎದುರಿಗೆ ಒಂದೇ ನಮೂನೆ. ಕಾಗದದ ಮೇಲೆ ಬರೆಯಿರಿ ಅಂದಾಗ ಇಂಗ್ಲೆಂಡಿನವರು ಗೆದ್ದರು. ತಂತಿ ಬಗ್ಗಿಸಿ ಮಾಡಿ ಅಂದಾಗ ಜಾಂಬಿಯಾದವರು ಗೆದ್ದರು, ಯಾಕೆಂದರೆ ಅಲ್ಲಿನ ಹುಡುಗರು ಆಟದ ಗಾಡಿಗಳನ್ನು ತಂತಿಯಲ್ಲೇ ಮಾಡುತ್ತಾರೆ. ಮಣ್ಣಿನಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮ. ಆಮೇಲೆ ಜಾಂಬಿಯಾದಲ್ಲಿ ಮಣ್ಣಿನಿಂದ ಮನುಷ್ಯನನ್ನು ಮಾಡಿಸುವ 'ಪಾಂಗಾ ಮುಂತು' ಎಂಬ ಪರೀಕ್ಷೆಯೇ ಬಂತು.

ಚಿತ್ರ ಬರೆಸಬೇಡಿ ಅಂತ ನಾನು ಹೇಳುತ್ತಿಲ್ಲ. ಬರೆಸಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಸುಮ್ನೆ ಒಂದು ಹಾಳೆ ನೋಡಿ ನಂಬರ್ ಮಾತ್ರ ಹಾಕಬೇಡಿ. ಹಾಕಲೇಬೇಕಾದರೆ ಈ ಮಗು ಎಷ್ಟು ದಿನದಿಂದ ಪೆನ್ಸಿಲ್ ಹಿಡಿಯುತ್ತಿದೆ ಅನ್ನುವುದನ್ನೂ ಆ ನಂಬರ್ ಪಕ್ಕದಲ್ಲೇ ಬರೆಯಿರಿ.